ದಲಾಲಿ ಅಂಗಡಿಗೊಂದು ಡೆಸ್ಕ್‌ಟಾಪ್ ತಂತ್ರಾಂಶ: ತೂಕದಿಂದ ಪಟ್ಟಿಯವರೆಗೆ ಕಟ್ಟುವ ಬಗೆ

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಡಬ್ಬಿ, ಕಡ್ಡಿ ತಳಿಗಳ ಬಣ್ಣ ಹೊರರಾಜ್ಯದವರಿಗೂ ಗೊತ್ತು. ಹಂಗಾಮು ಏರಿದಾಗ ಅಲ್ಲಿನ ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳು ಬಂದಿಳಿಯುತ್ತವೆ. ಆ ಸಂಜೆ ದಲಾಲಿ ಅಂಗಡಿಯ ಗುಮಾಸ್ತನ ಮುಂದಿರುವ ಕಂಪ್ಯೂಟರಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಚೀಲಗಳ ತೂಕ ಬರೆದುಕೊಂಡು, ಲಾಟಿಗೆ (ಒಟ್ಟಿಗೆ ಮಾರುವ ಚೀಲಗಳ ರಾಶಿಗೆ) ಬಿದ್ದ ದರ ಹಾಕಿ, ರೈತನ ಕೈಗೆ ಲೆಕ್ಕದ ಪಟ್ಟಿ ಕೊಡುವುದು. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವವರಿಗೆ ಇದು ತೀರಾ ಚಿಕ್ಕ ಕೆಲಸವಾಗಿ ಕಾಣಬಹುದು. ಕೈ ಹಾಕಿದರೆ ಹಣದ ಲೆಕ್ಕ, ಹೋಗುವ ಕರೆಂಟು, ಕನ್ನಡದ ಹೆಸರುಗಳು, ತಂತಿಯಲ್ಲಿ ಬರುವ ತೂಕ, ಗರಗರ ಎನ್ನುವ ಪ್ರಿಂಟರ್ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ.

ಇದನ್ನು ವೆಬ್‌ಸೈಟ್ ಆಗಿ ಏಕೆ ಮಾಡಬಾರದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತೂಕದ ಯಂತ್ರವೂ ಪ್ರಿಂಟರೂ ಆ ಕಂಪ್ಯೂಟರಿಗೇ ಜೋಡಿಸಿರುತ್ತವೆ. ಇಂಟರ್ನೆಟ್ ನಿಂತಿತೆಂದು ಹಮಾಲರು ಹೆಗಲ ಮೇಲಿನ ಚೀಲ ಹೊತ್ತು ಕಾಯುವುದಿಲ್ಲ. ಇಷ್ಟು ಕಾರಣ ಸಾಕು. ಮಾಲೀಕರಿಗೆ ಬೆಂಗಳೂರಿನಲ್ಲಿ ಕುಳಿತು ಲೆಕ್ಕ ನೋಡಬೇಕೆನಿಸಿದರೆ ರಾತ್ರಿ ಒಂದು ಪ್ರತಿಯನ್ನು ಮೇಲಕ್ಕೆ ಕಳಿಸುವ ವ್ಯವಸ್ಥೆಯನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಈ ಕೆಲಸದಲ್ಲಿ ನಾನು ಹಿಡಿಯುವ ಕ್ರಮ ಒಂದೇ: ಲೆಕ್ಕ ಮೊದಲು, ಪರದೆ ಕೊನೆಗೆ. ಹೆಚ್ಚಿನವರು ಚಂದದ ಕಿಟಕಿ, ಬಣ್ಣದ ಗುಂಡಿಗಳಿಂದ ಆರಂಭಿಸುತ್ತಾರೆ. ಗುಂಡಿಯ ಬಣ್ಣವನ್ನು ಯಾವಾಗ ಬೇಕಾದರೂ ಬದಲಿಸಬಹುದು, ತಪ್ಪಾಗಿ ಕಟ್ಟಿದ ಕೋಷ್ಟಕದಲ್ಲಿ ಒಂದು ಹಂಗಾಮಿನ ಲೆಕ್ಕ ಸೇರಿದ ಮೇಲೆ ಅದನ್ನು ಸರಿಪಡಿಸುವುದು ಬಲು ಕಷ್ಟ.

1. ಅಂಗಡಿಯ ಕಾಗದಗಳನ್ನು ತನ್ನಿ

ಕೋಡ್ ಬರೆಯುವ ಮುನ್ನ ತೂಕದ ಚೀಟಿ, ರೈತನ ಪಟ್ಟಿ, ಖರೀದಿದಾರರ ಬಿಲ್ಲು, ದಿನದ ವ್ಯಾಪಾರ ಬರೆಯುವ ಕಿರ್ದಿ, ಖಾತೆವಾರು ಲೆಕ್ಕದ ಖತಾವಣಿ ಇವುಗಳ ಒಂದೊಂದು ನೈಜ ಪ್ರತಿ ನಿಮ್ಮ ಕೈಯಲ್ಲಿರಲಿ. ಹೆಸರುಗಳನ್ನು ಮರೆಮಾಡಿ ಜೆರಾಕ್ಸ್ ಮಾಡಿಸಿಕೊಳ್ಳಿ. ಅಚ್ಚಾದ ಅಂಕಣಗಳಿಗಿಂತ ಅಂಚಿನಲ್ಲಿ ಪೆನ್ನಿನಿಂದ ಬರೆದದ್ದನ್ನು ಹೆಚ್ಚು ಗಮನಿಸಿ. "ಎರಡು ಚೀಲ ಹಸಿ", "ಮುಂಗಡ ಬಾಕಿ", "ಅಣ್ಣನ ಹೆಸರಿಗೆ" ಎಂಬಂಥ ಟಿಪ್ಪಣಿಗಳೇ ನಿಮ್ಮ ತಂತ್ರಾಂಶಕ್ಕೆ ಬೇಕಾದ, ಆದರೆ ಮಾಲೀಕರು ಹೇಳಲು ಮರೆಯುವ ಸಂಗತಿಗಳು. ಮಾಲೀಕರೊಂದಿಗೆ ಅರ್ಧ ತಾಸು, ಗುಮಾಸ್ತರೊಂದಿಗೆ ಅರ್ಧ ದಿನ ಕುಳಿತುಕೊಳ್ಳಿ. ತಂತ್ರಾಂಶಕ್ಕೆ ಹಣ ಕೊಡುವವರು ಮಾಲೀಕರು, ಅದನ್ನು ಬಳಸುವವರು ಅಥವಾ ಮೂಲೆಗೆ ತಳ್ಳುವವರು ಗುಮಾಸ್ತರು.

2. ಕಂಪ್ಯೂಟರ್ ನೋಡಿ ಉಪಕರಣ ಆರಿಸಿ

ಅಂಗಡಿಯ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ಎಂಬುದು ನಿಮ್ಮ ಆಯ್ಕೆಯನ್ನು ಬಹುಪಾಲು ನಿರ್ಧರಿಸುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ಮುಗಿದಿದ್ದರೂ ಮೇಜುಗಳಿಂದ ಅದು ಇಳಿದಿಲ್ಲ. ಅದರ ಮೇಲೆ ಓಡುವ ಕೊನೆಯ ಪೈಥಾನ್ 3.8. ಪರದೆ ಕಟ್ಟುವ ಉಪಕರಣವಾದ ಕ್ಯೂಟಿಯ 6ನೇ ಆವೃತ್ತಿ ಅಲ್ಲಿ ಓಡುವುದಿಲ್ಲ, 5.15 ಓಡುತ್ತದೆ. ಸಿ ಶಾರ್ಪ್ ಬಲ್ಲವರಿಗೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ಮೇಲೆ ವಿನ್‌ಫಾರ್ಮ್ಸ್ ಒಳ್ಳೆಯ ದಾರಿ. ಕಂಪ್ಯೂಟರ್ ಹೊಸದಾಗಿದ್ದರೆ ನಾನು ಪೈಥಾನ್ ಮತ್ತು ಅದರಿಂದ ಕ್ಯೂಟಿಯನ್ನು ಬಳಸಲು ನೆರವಾಗುವ ಪೈಸೈಡ್ 6 ಆರಿಸುತ್ತೇನೆ. ಕ್ಯೂಟಿ ಕನ್ನಡದ ಒತ್ತಕ್ಷರಗಳನ್ನು ಹಾರ್ಫ್‌ಬಜ್ ಮೂಲಕ ಸರಿಯಾಗಿ ಜೋಡಿಸುತ್ತದೆ, ಪೈಸೈಡ್‌ನ ಎಲ್‌ಜಿಪಿಎಲ್ ಪರವಾನಗಿಯಲ್ಲಿ ನಿಮ್ಮ ಕೋಡನ್ನು ತೆರೆದಿಡದೆಯೂ ಮಾರಬಹುದು. ವೆಬ್ ಪುಟಗಳನ್ನೇ ತಂತ್ರಾಂಶವಾಗಿಸುವ ಎಲೆಕ್ಟ್ರಾನ್ ಬೇಡ. ನಾಲ್ಕು ಜಿಬಿ ಮೆಮೊರಿಯ ಯಂತ್ರದಲ್ಲಿ ಒಂದು ಪಟ್ಟಿ ಬರೆಯಲು ಇಡೀ ಬ್ರೌಸರನ್ನು ಎಬ್ಬಿಸುವುದು ದುಂದುಗಾರಿಕೆ.

ದತ್ತಾಂಶಕ್ಕೆ ಎಸ್‌ಕ್ಯೂಲೈಟ್. ಇದು ಒಂದೇ ಫೈಲಿನಲ್ಲಿರುವ ಡೇಟಾಬೇಸ್, ಪ್ರತ್ಯೇಕ ಸರ್ವರ್ ಬೇಕಿಲ್ಲ. ಆದರೆ ಆ ಫೈಲನ್ನು ಹಂಚಿಕೆಯ ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರುಗಳಿಂದ ಬರೆಯಿಸುವ ಆಸೆಗೆ ಬೀಳಬೇಡಿ. ಅಲ್ಲಿ ಬೀಗ ಹಾಕುವ ವ್ಯವಸ್ಥೆಯನ್ನು ನಂಬುವಂತಿಲ್ಲ, ಫೈಲು ಕೆಡುತ್ತದೆ. ಎರಡು ಮೇಜುಗಳಿದ್ದರೆ ಒಂದರಲ್ಲಿ ಸರ್ವರ್ ಬಗೆಯ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಹಾಕಿ.

3. ಕೋಷ್ಟಕಗಳು

ರೈತ, ಖರೀದಿದಾರ, ಲಾಟ್, ಚೀಲದ ತೂಕ, ಪಟ್ಟಿ, ಹಣದ ನಮೂದು. ಆರಂಭಕ್ಕೆ ಈ ಆರು ಸಾಕು. ತೂಕವನ್ನು ಲಾಟಿನ ಒಟ್ಟು ಮೊತ್ತವಾಗಿ ಇಡದೆ ಚೀಲಕ್ಕೊಂದು ಸಾಲಾಗಿ ಇಡಿ. ಜಗಳವಾದಾಗ ಒಟ್ಟು ತೂಕದಿಂದ ಪ್ರಯೋಜನವಿಲ್ಲ, ಹದಿನೇಳನೆಯ ಚೀಲ ಎಷ್ಟಿತ್ತು ಎಂಬುದೇ ಪ್ರಶ್ನೆಯಾಗುತ್ತದೆ.

ಯಾವ ಸಾಲನ್ನೂ ಅಳಿಸುವ ಅವಕಾಶ ಕೊಡಬೇಡಿ. ತಪ್ಪಾದ ಪಟ್ಟಿಯನ್ನು "ರದ್ದು" ಎಂದು ಗುರುತಿಸಿ ಹೊಸದನ್ನು ಬರೆಯಿರಿ. ಕಿರ್ದಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುವ ಪದ್ಧತಿ ಗುಮಾಸ್ತರಿಗೆ ಮೊದಲೇ ಗೊತ್ತಿದೆ.

ಸೆಸ್ (ಮಾರುಕಟ್ಟೆ ಶುಲ್ಕ), ಹಮಾಲಿ, ಕಮಿಷನ್ ದರಗಳನ್ನು ಕೋಡಿನೊಳಗೆ ಬರೆಯುವುದು ದೊಡ್ಡ ತಪ್ಪು. ಕರ್ನಾಟಕದಲ್ಲಿ ಮಾರುಕಟ್ಟೆ ಶುಲ್ಕ 2020ರ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಾಯಿತು. ದರಗಳಿಗೆ ಬೇರೆ ಕೋಷ್ಟಕ ಮಾಡಿ, ಪ್ರತಿ ದರದ ಪಕ್ಕ ಜಾರಿಗೆ ಬಂದ ದಿನಾಂಕ ಇಡಿ. ಪಟ್ಟಿ ಬರೆದ ಕ್ಷಣದಲ್ಲಿ ಅನ್ವಯಿಸಿದ ದರವನ್ನು ಆ ಪಟ್ಟಿಯ ಸಾಲಿನಲ್ಲೂ ನಕಲಿಸಿಡಿ. ಹಾಗಿದ್ದರೆ ಹೋದ ವರ್ಷದ ಪಟ್ಟಿಯನ್ನು ಇಂದು ಮತ್ತೆ ಮುದ್ರಿಸಿದರೂ ಅದೇ ಮೊತ್ತ ಬರುತ್ತದೆ.

ಬಿಲ್ಲಿನ ಸಂಖ್ಯೆಯನ್ನು ಪರದೆ ತೆರೆದಾಗ ಕೊಡದೆ ಉಳಿಸುವಾಗ, ಡೇಟಾಬೇಸಿನ ಅದೇ ವಹಿವಾಟಿನೊಳಗೆ (ಟ್ರಾನ್ಸಾಕ್ಷನ್: ಎಲ್ಲವೂ ಒಟ್ಟಿಗೆ ಉಳಿಯುವ, ಇಲ್ಲವೇ ಯಾವುದೂ ಉಳಿಯದ ಬರಹ) ಕೊಡಿ. ಇಲ್ಲವಾದರೆ ಅರ್ಧಕ್ಕೆ ಬಿಟ್ಟ ಪ್ರತಿ ಬಿಲ್ಲೂ ಸರಣಿಯಲ್ಲಿ ಒಂದು ಖಾಲಿ ಜಾಗ ಬಿಡುತ್ತದೆ. ಜಿಎಸ್‌ಟಿ ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು, ಆರ್ಥಿಕ ವರ್ಷದೊಳಗೆ ಮರುಕಳಿಸಬಾರದು. ಏಪ್ರಿಲ್ 1ಕ್ಕೆ ಹೊಸ ಸರಣಿ ತಾನಾಗಿ ಆರಂಭವಾಗಲಿ. ಇನ್ನೊಂದು ಸಣ್ಣ ಎಚ್ಚರಿಕೆ: ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ಬೆಳಿಗ್ಗೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಇಂದಿನ ದಿನಾಂಕ ಕೊನೆಯ ಪಟ್ಟಿಯ ದಿನಾಂಕಕ್ಕಿಂತ ಹಿಂದಿದ್ದರೆ ತಂತ್ರಾಂಶ ಮುಂದುವರಿಯದೆ ಕೇಳಬೇಕು.

4. ಪೈಸೆ ಮತ್ತು ಗ್ರಾಂ

ಹಣಕ್ಕೆ ಫ್ಲೋಟ್ ಎಂಬ ದಶಮಾಂಶ ಸಂಖ್ಯೆಯ ಬಗೆಯನ್ನು ಬಳಸಬೇಡಿ. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿದರೆ 0.3ಕ್ಕೆ ಸಮವಾಗುವುದಿಲ್ಲ. ದಶಮಾಂಶವನ್ನು ಎರಡರ ಘಾತಗಳಲ್ಲಿ ಇಡುವ ಎಲ್ಲ ಭಾಷೆಗಳಲ್ಲೂ ಇದೇ ಕಥೆ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ ಪೂರ್ಣಾಂಕವಾಗಿಯೇ ಇಡಿ.

ಒಂದು ಚೀಲ 43.650 ಕಿಲೋ, ದರ ಕ್ವಿಂಟಲಿಗೆ 18,500 ರೂಪಾಯಿ ಎಂದುಕೊಳ್ಳಿ. ತೂಕ 43650 ಗ್ರಾಂ, ದರ 1850000 ಪೈಸೆ. ಕ್ವಿಂಟಲಿಗೆ ಒಂದು ಲಕ್ಷ ಗ್ರಾಂ. ಎರಡನ್ನೂ ಗುಣಿಸಿ, 50000 ಕೂಡಿಸಿ, 100000ದಿಂದ ಪೂರ್ಣಾಂಕ ಭಾಗಾಕಾರ ಮಾಡಿದರೆ 807525 ಪೈಸೆ, ಅಂದರೆ 8,075 ರೂಪಾಯಿ 25 ಪೈಸೆ. ಆ 50000 ಕೂಡಿಸುವುದು ಅರ್ಧ ಪೈಸೆಯನ್ನು ಮೇಲಕ್ಕೆ ಸರಿಸಲು. ಪೈಥಾನಿನ ರೌಂಡ್ ಆಜ್ಞೆಯನ್ನು ಇಲ್ಲಿ ನಂಬಬೇಡಿ, ಅದು 2.5 ಅನ್ನು 2 ಮಾಡುತ್ತದೆ, 3.5 ಅನ್ನು 4 ಮಾಡುತ್ತದೆ. ಬ್ಯಾಂಕಿನವರ ಆ ಪದ್ಧತಿಗೆ ಅದರದೇ ಕಾರಣವಿದೆ, ಆದರೆ ಕಟ್ಟೆಯ ಮೇಲೆ ಕುಳಿತ ರೈತನಿಗೆ ಅದನ್ನು ವಿವರಿಸುವುದು ನಿಮ್ಮಿಂದಾಗದು. ಪ್ರತಿ ಚೀಲಕ್ಕೆ ಸರಿಹೊಂದಿಸಬೇಕೇ, ಲಾಟಿನ ಒಟ್ಟಿಗೆ ಸರಿಹೊಂದಿಸಬೇಕೇ ಎಂಬುದನ್ನು ಮಾತ್ರ ಅಂಗಡಿಯವರಿಂದ ಕೇಳಿ ಬರೆದುಕೊಳ್ಳಿ. ಎರಡರ ಉತ್ತರ ಬೇರೆ ಬರುತ್ತದೆ.

ತೋರಿಸುವಾಗ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿ: 12,34,567. ಪೈಥಾನ್ ತಾನಾಗಿ ಹಾಕುವುದು 1,234,567. ಹತ್ತು ಸಾಲಿನ ಕಾರ್ಯವೊಂದನ್ನು ನೀವೇ ಬರೆದುಕೊಳ್ಳುವುದು ಸುಲಭ.

5. ಕರೆಂಟು ಹೋಗುತ್ತದೆ ಎಂದೇ ಬರೆಯಿರಿ

ಯುಪಿಎಸ್ ಇದೆ ಎನ್ನುತ್ತಾರೆ. ಅದರ ಬ್ಯಾಟರಿ ಎಂದೋ ಸತ್ತಿರುತ್ತದೆ. "ಉಳಿಸು" ಗುಂಡಿಗಾಗಿ ಕಾಯದೆ ಪ್ರತಿ ಚೀಲದ ತೂಕ ಬಂದ ಕೂಡಲೇ ಡೇಟಾಬೇಸಿಗೆ ಬರೆದು ಮುಗಿಸಿ. ಕರೆಂಟು ಬಂದ ಮೇಲೆ ಗುಮಾಸ್ತ ತಂತ್ರಾಂಶ ತೆರೆದರೆ ಅದೇ ಲಾಟ್, ಅದೇ ಚೀಲದ ಮುಂದೆ ಕರ್ಸರ್ ನಿಂತಿರಬೇಕು.

ಎಸ್‌ಕ್ಯೂಲೈಟ್‌ನಲ್ಲಿ ವಾಲ್ ಎಂಬ ಬರೆಯುವ ಕ್ರಮವಿದೆ. ಅದರಲ್ಲಿ ಹೊಸ ನಮೂದುಗಳು ಮೊದಲು ಪಕ್ಕದ ಒಂದು ಫೈಲಿಗೆ ಹೋಗುವುದರಿಂದ ಒಬ್ಬರು ಬರೆಯುತ್ತಿರುವಾಗಲೇ ಇನ್ನೊಂದು ಕಿಟಕಿಯಲ್ಲಿ ವರದಿ ಓದಬಹುದು. ಅದನ್ನು ಬಳಸಿದರೆ ನಮೂದು ಡಿಸ್ಕಿಗೆ ಸೇರುವವರೆಗೆ ಕಾಯಬೇಕೇ ಎಂದು ಹೇಳುವ ಸಿಂಕ್ರೊನಸ್ ಮಟ್ಟವನ್ನು ಫುಲ್ ಎಂದೇ ಇಡಿ. ನಾರ್ಮಲ್ ಎಂದಿಟ್ಟರೆ ಫೈಲು ಕೆಡದಿದ್ದರೂ ಕರೆಂಟು ಹೋದಾಗ ಕೊನೆಯ ಕೆಲವು ನಮೂದುಗಳು ಮಾಯವಾಗಬಹುದು. ಚೀಲಕ್ಕೆ ಕೆಲವು ಮಿಲಿಸೆಕೆಂಡು ಉಳಿಸಲು ಒಂದು ಚೀಲವನ್ನೇ ಕಳೆದುಕೊಳ್ಳುವುದು ಒಳ್ಳೆಯ ವ್ಯಾಪಾರವಲ್ಲ. ಒಂದು ಸಾಲು ಸೂಚಿಸುವ ಬೇರೆ ಕೋಷ್ಟಕದ ಸಾಲು ನಿಜಕ್ಕೂ ಇದೆಯೇ ಎಂದು ನೋಡುವ ಫಾರಿನ್ ಕೀ ಪರಿಶೀಲನೆ ಎಸ್‌ಕ್ಯೂಲೈಟ್‌ನಲ್ಲಿ ತಾನಾಗಿ ಚಾಲೂ ಇರುವುದಿಲ್ಲ. ಪ್ರತಿ ಸಂಪರ್ಕ ತೆರೆದಾಗಲೂ ಅದನ್ನು ಚಾಲೂ ಮಾಡಬೇಕು.

ಬ್ಯಾಕಪ್ ತೆಗೆಯಲು ತೆರೆದಿರುವ ಫೈಲನ್ನು ಸುಮ್ಮನೆ ಕಾಪಿ ಮಾಡಬೇಡಿ. ಹೊಸ ನಮೂದುಗಳು ಪಕ್ಕದ ವಾಲ್ ಫೈಲಿನಲ್ಲಿಯೇ ಇರಬಹುದು. ಪೈಥಾನ್ 3.7ರಿಂದ ಎಸ್‌ಕ್ಯೂಲೈಟ್ ಸಂಪರ್ಕಕ್ಕೆ ಬ್ಯಾಕಪ್ ಎಂಬ ಕಾರ್ಯವೇ ಇದೆ, ಅದನ್ನು ಬಳಸಿ. ಅಂಗಡಿ ಮುಚ್ಚುವಾಗ ಪೆನ್‌ಡ್ರೈವಿಗೆ ದಿನಾಂಕ ಸಹಿತ ಒಂದು ಪ್ರತಿ ಹೋಗಲಿ. ಬರೆದ ಪ್ರತಿಯನ್ನು ತೆರೆದು ಫೈಲು ಕೆಟ್ಟಿಲ್ಲವೇ ಎಂದು ನೋಡುವ ಇಂಟೆಗ್ರಿಟಿ ಚೆಕ್ ನಡೆಸಿ, ಇಂದಿನ ಪಟ್ಟಿಗಳ ಒಟ್ಟು ಮೊತ್ತ ಸರಿಹೊಂದಿದರೆ ಮಾತ್ರ "ಬ್ಯಾಕಪ್ ಆಯಿತು" ಎನ್ನಿ.

6. ಕನ್ನಡದ ಹೆಸರುಗಳು

ಹೊರಗಿನಿಂದ ಬಂದ ಸಿದ್ಧ ತಂತ್ರಾಂಶಗಳು ಮುಗ್ಗರಿಸುವುದು ಇಲ್ಲಿಯೇ. ನೀವು ಅವುಗಳಿಗಿಂತ ಚೆನ್ನಾಗಿ ಮಾಡಬಹುದಾದದ್ದೂ ಇಲ್ಲಿಯೇ.

ಉದ್ದದಿಂದ ಆರಂಭಿಸೋಣ. ಗದಗ ಮತ್ತು ಹುಬ್ಬಳ್ಳಿ ಎರಡೂ ಕಣ್ಣಿಗೆ ಮೂರು ಮೂರು ಅಕ್ಷರ. ಪೈಥಾನಿಗೆ ಉದ್ದ ಕೇಳಿದರೆ ಗದಗಕ್ಕೆ 3, ಹುಬ್ಬಳ್ಳಿಗೆ 9 ಎನ್ನುತ್ತದೆ. ಸ್ವರಚಿಹ್ನೆ, ಹಲಂತ, ಒತ್ತು ಎಲ್ಲವೂ ಅದಕ್ಕೆ ಬೇರೆ ಬೇರೆ. ಪಠ್ಯವನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಆದ್ದರಿಂದ ಹುಬ್ಬಳ್ಳಿ 27 ಬೈಟ್ ಹಿಡಿಯುತ್ತದೆ. ಹಾಗಾಗಿ ಖಾಲಿ ಜಾಗಗಳನ್ನು ತುಂಬಿ ಅಂಕಣ ನೇರ ಮಾಡುವ ಹಳೆಯ ಉಪಾಯ ಕನ್ನಡದಲ್ಲಿ ನಡೆಯುವುದಿಲ್ಲ. ಅಗಲವನ್ನು ಅಕ್ಷರ ಎಣಿಸಿ ಊಹಿಸದೆ ಕ್ಯೂಟಿಯ ಫಾಂಟ್ ಮೆಟ್ರಿಕ್ಸ್‌ನಿಂದ ಪಿಕ್ಸೆಲ್‌ಗಳಲ್ಲಿ ಕೇಳಿ. ಹೆಸರು ಅಂಕಣಕ್ಕೆ ಉದ್ದವಾದರೆ ನಡುವೆ ಕತ್ತರಿಸಬೇಡಿ. ಒತ್ತಕ್ಷರದ ಮಧ್ಯೆ ಕತ್ತರಿ ಬಿದ್ದರೆ ಹುಬ್ಬಳ್ಳಿ ಹೋಗಿ ಹುಬ್ ಉಳಿಯುತ್ತದೆ.

ಎರಡನೆಯದು, ಒಂದೇ ಹೆಸರಿನ ಎರಡು ರೂಪ. ಹಾವೇರಿಯ "ವೇ"ಯಲ್ಲಿರುವ ದೀರ್ಘ ಏಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಎಕಾರ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಹುಡುಕಿದರೆ ಸಿಗುವುದಿಲ್ಲ, ಗುಮಾಸ್ತ ಹೊಸ ಖಾತೆ ತೆರೆಯುತ್ತಾನೆ, ಮುಂಗಡ ಒಂದು ಖಾತೆಯಲ್ಲಿ, ಮಾಲು ಇನ್ನೊಂದರಲ್ಲಿ. ಒಳಗೆ ಬರುವ ಪ್ರತಿ ಪಠ್ಯವನ್ನೂ ಇಂಥ ಎರಡು ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದೇ ಉಳಿಸಿ. ಒಂದೇ ಸಾಲಿನ ಕೆಲಸ. ಜೊತೆಗೆ, ಅಕ್ಷರಗಳನ್ನು ಬೆಸೆಯಲು ಅಥವಾ ಬಿಡಿಸಲು ಕೀಲಿಮಣೆ ಸೇರಿಸುವ ಕಾಣದ ಸಂಕೇತಗಳನ್ನು ತೋರಿಸುವ ಹೆಸರಿನಲ್ಲಿ ಉಳಿಸಿಕೊಂಡು, ಹುಡುಕಲು ಬಳಸುವ ನಕಲಿನಲ್ಲಿ ತೆಗೆದುಹಾಕಿ.

ಮೂರನೆಯದು ಅಕಾರಾದಿ. ನಮ್ಮ ವರ್ಣಮಾಲೆಯಲ್ಲಿ ಳ ಹಕಾರದ ನಂತರ ಬರುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಅದು ಲಕಾರದ ಪಕ್ಕ, ವಕಾರಕ್ಕಿಂತ ಮುಂಚೆ ಕುಳಿತಿದೆ. ಸಂಕೇತಗಳ ಕ್ರಮದಲ್ಲೇ ಜೋಡಿಸಿದರೆ ಕಳಕಪ್ಪ ಕಸ್ತೂರೆವ್ವನಿಗಿಂತ ಮೊದಲು ಬರುತ್ತಾನೆ. ಕಳಕಪ್ಪಗಳು ಕಡಿಮೆಯಿಲ್ಲದ ಗದಗ ಸೀಮೆಯಲ್ಲಿ ಇದು ಕೂಡಲೇ ಕಣ್ಣಿಗೆ ಬೀಳುತ್ತದೆ. ಪರಿಹಾರ ಸುಲಭ: ಹೆಸರಿನ ಪಕ್ಕ "ವಿಂಗಡಣೆ ಕೀಲಿ" ಎಂಬ ಅಂಕಣ ಇಟ್ಟು, ಅದರಲ್ಲಿ ಳ ಇದ್ದ ಕಡೆಯಲ್ಲೆಲ್ಲ ಯೂನಿಕೋಡ್ ಪಟ್ಟಿಯಲ್ಲಿ ಹಕಾರದ ನಂತರ ಖಾಲಿ ಇರುವ ಸ್ಥಾನದ ಸಂಕೇತ ಹಾಕಿ. ಆ ಅಂಕಣ ಯಾರಿಗೂ ಕಾಣುವುದಿಲ್ಲ, ಆದರೆ ಹೆಸರುಗಳು ಸರಿಯಾಗಿ ಸಾಲುಗಟ್ಟುತ್ತವೆ.

ಇನ್ನು ಮನೆತನದ ಹೆಸರುಗಳು. ಈ ಭಾಗದಲ್ಲಿ ಉಳ್ಳಾಗಡ್ಡಿ ಮನೆತನದವರು ಮೆಣಸಿನಕಾಯಿ ತರುತ್ತಾರೆ, ಮೆಣಸಿನಕಾಯಿ ಮನೆತನದವರು ಹತ್ತಿ ತರುತ್ತಾರೆ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕುವ ಆಧುನಿಕ ವಿನ್ಯಾಸ ಇಲ್ಲಿ ಬೇಡ, ಸರಕಿಗೊಂದು ಹೆಸರಿಗೊಂದು ಪೆಟ್ಟಿಗೆ ಇರಲಿ. ಬಸವರಾಜ ಎಂಬವರು ಊರಿಗೆ ಹತ್ತು ಜನರಿರುವುದರಿಂದ ಹೆಸರು, ತಂದೆಯ ಹೆಸರು, ಮನೆತನ, ಊರು ನಾಲ್ಕೂ ಬೇರೆ ಅಂಕಣಗಳಾಗಿರಲಿ. ಹುಡುಕಿದಾಗ ನಾಲ್ಕೂ ಒಟ್ಟಿಗೆ ಕಾಣಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆಯುವ ಐದನೆಯ ಅಂಕಣವೂ ಇರಲಿ, ಅವಸರದಲ್ಲಿ ಬಹಳ ಜನ ಹಾಗೆಯೇ ಟೈಪ್ ಮಾಡುತ್ತಾರೆ.

ಹಳೆಯ ದತ್ತಾಂಶ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರೆ ಒಳಗೆ ತರುವಾಗ ಒಮ್ಮೆ ಪರಿವರ್ತಿಸಿಬಿಡಿ. ಎರಡೂ ಬಗೆಯನ್ನು ಒಂದೇ ಕೋಷ್ಟಕದಲ್ಲಿ ಸಾಕಬೇಡಿ. ಎಕ್ಸೆಲ್‌ಗಾಗಿ ಸಿಎಸ್‌ವಿ ಬರೆಯುವಾಗ ಆರಂಭದ ಬೈಟ್ ಗುರುತು ಸಹಿತವಾದ ಯುಟಿಎಫ್-8 ಬಳಸಿ. ಪೈಥಾನಿನಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿದೆ. ಇಲ್ಲದಿದ್ದರೆ ಲೆಕ್ಕಪರಿಶೋಧಕರ ಕಂಪ್ಯೂಟರಿನಲ್ಲಿ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತವೆ.

7. ಪರದೆ

ಮೌಸ್ ಮುಟ್ಟದೆ ಒಂದು ಪಟ್ಟಿ ಪೂರ್ತಿ ಬರೆಯಲು ಆಗಬೇಕು. ಲೆಕ್ಕದ ತಂತ್ರಾಂಶವಾದ ಟ್ಯಾಲಿಗೆ ಒಗ್ಗಿದ ಕೈಗಳು ಎಂಟರ್ ಒತ್ತಿದರೆ ಮುಂದಿನ ಅಂಕಣಕ್ಕೆ ಹೋಗಬೇಕೆಂದು ನಿರೀಕ್ಷಿಸುತ್ತವೆ. ಕ್ಯೂಟಿಯಲ್ಲಿ ಅದು ತಾನಾಗಿ ಆಗುವುದಿಲ್ಲ, ನೀವು ಹೇಳಿಕೊಡಬೇಕು. ಹೆಸರಿನ ಪೆಟ್ಟಿಗೆಗೆ ಬಂದಾಗ ಕೀಲಿಮಣೆ ಕನ್ನಡಕ್ಕೂ ಅಂಕಿಯ ಪೆಟ್ಟಿಗೆಗೆ ಬಂದಾಗ ಇಂಗ್ಲಿಷಿಗೂ ತಿರುಗಿದರೆ ಗುಮಾಸ್ತ ನಿಮ್ಮನ್ನು ಹರಸುತ್ತಾನೆ. ಅಂಕಿಗಳು ದೊಡ್ಡದಾಗಿರಲಿ. ಫಾಂಟನ್ನು ತಂತ್ರಾಂಶದ ಜೊತೆಗೇ ಕಳಿಸಿ, ನೋಟೋ ಸಾನ್ಸ್ ಕನ್ನಡ ಮುಕ್ತವಾಗಿ ಸಿಗುತ್ತದೆ.

8. ತೂಕದ ಯಂತ್ರ

ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ಸಾಮಾನ್ಯವಾಗಿ ಸೀರಿಯಲ್ ತಂತಿಯಲ್ಲಿ ಅಂಕಿಗಳನ್ನು ಕಳಿಸುತ್ತಲೇ ಇರುತ್ತವೆ. ವೇಗ ಹೆಚ್ಚಾಗಿ ಸೆಕೆಂಡಿಗೆ 9600 ಬಿಟ್, ಕೆಲವದರಲ್ಲಿ 2400. ಮೊದಲು ಯಾವುದಾದರೂ ಟರ್ಮಿನಲ್ ತಂತ್ರಾಂಶದಲ್ಲಿ ಬರುವುದನ್ನು ಹಾಗೆಯೇ ನೋಡಿ. ಸಾಲು ಎಲ್ಲಿ ಮುಗಿಯುತ್ತದೆ, ಸ್ಥಿರವಾದ ತೂಕಕ್ಕೆ ಗುರುತೇನಾದರೂ ಇದೆಯೇ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಓದುವ ಕೆಲಸವನ್ನು ಪರದೆಯ ಕೆಲಸದ ಜೊತೆಜೊತೆಗೇ ಓಡುವ ಬೇರೆ ಥ್ರೆಡ್‌ನಲ್ಲಿ ನಡೆಸಿ, ಸಿಕ್ಕ ಅಂಕಿಯನ್ನು ಕ್ಯೂಟಿಯ ಸಿಗ್ನಲ್ ಮೂಲಕ ಪರದೆಗೆ ಕಳಿಸಿ. ಆ ಥ್ರೆಡ್ ಪರದೆಯ ಯಾವುದನ್ನೂ ನೇರವಾಗಿ ಮುಟ್ಟಬಾರದು. ಪರದೆಯ ಥ್ರೆಡ್‌ನಲ್ಲೇ ಓದಲು ಹೋದರೆ ತಂತಿ ಸಡಿಲವಾದ ಕ್ಷಣ ಇಡೀ ಕಿಟಕಿ ಸ್ತಬ್ಧವಾಗುತ್ತದೆ.

ಸ್ಥಿರತೆಯ ಗುರುತಿಲ್ಲದಿದ್ದರೆ ಒಂದೇ ಅಂಕಿ ಸತತವಾಗಿ ಕೆಲವು ಬಾರಿ ಬಂದ ಮೇಲಷ್ಟೇ ಸ್ವೀಕರಿಸಿ. ತೂಕ ಸೊನ್ನೆಗೆ ಇಳಿಯುವವರೆಗೂ ಮುಂದಿನ ಚೀಲ ದಾಖಲಾಗದಂತೆ ತಡೆಯಿರಿ, ಇಲ್ಲವಾದರೆ ಒಂದೇ ಚೀಲ ಎರಡು ಸಲ ಸೇರುತ್ತದೆ. ಯುಎಸ್‌ಬಿ ಪರಿವರ್ತಕವನ್ನು ಬೇರೆ ತೂತಿಗೆ ಚುಚ್ಚಿದರೆ ಪೋರ್ಟಿನ ಸಂಖ್ಯೆ ಬದಲಾಗಬಹುದಾದ್ದರಿಂದ ಅದನ್ನು ಹುಡುಕಿ ಆರಿಸುವ ಪರದೆ ಇರಲಿ. ಯಂತ್ರ ಕೈಕೊಟ್ಟಾಗ ಕೈಯಿಂದ ತೂಕ ಬರೆಯಲು ಅವಕಾಶ ಬೇಕೇ ಬೇಕು, ಆದರೆ ಯಂತ್ರದಿಂದ ಬಂದದ್ದೋ ಕೈಯಿಂದ ಬರೆದದ್ದೋ ಎಂಬ ಗುರುತು ಪ್ರತಿ ಸಾಲಿನಲ್ಲೂ ಇರಲಿ, ಪಟ್ಟಿಯಲ್ಲೂ ಕಾಣಲಿ.

9. ಮುದ್ರಣ

ಥರ್ಮಲ್ ಪ್ರಿಂಟರ್ ಅಗ್ಗ, ವೇಗ. ಆದರೂ ರೈತನ ಪಟ್ಟಿಗೆ ಅದನ್ನು ನಾನು ಒಪ್ಪುವುದಿಲ್ಲ. ಆ ಕಾಗದ ಬಿಸಿಲಿಗೆ ಮಾಸುತ್ತದೆ, ಪಟ್ಟಿಯನ್ನು ರೈತ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾನೆ. ತೂಕದ ಚೀಟಿಗೆ ಬಳಸುವುದಾದರೆ ಕನ್ನಡವನ್ನು ಚಿತ್ರವಾಗಿ ಕಳಿಸಬೇಕು, ಏಕೆಂದರೆ ಪ್ರಿಂಟರಿನೊಳಗಿನ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. 80 ಮಿಲಿಮೀಟರ್ ಕಾಗದಕ್ಕೆ ಸಾಮಾನ್ಯವಾಗಿ 576 ಚುಕ್ಕೆ ಅಗಲ, 58ಕ್ಕೆ 384.

ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಕಾರ್ಬನ್ ಪ್ರತಿಯೂ ಸಿಗುತ್ತದೆ, ಆದರೆ ಕನ್ನಡವನ್ನು ಚಿತ್ರವಾಗಿ ಹೊಡೆಯುವಾಗ ಅದು ಆಮೆಯ ವೇಗಕ್ಕೆ ಇಳಿಯುತ್ತದೆ. ಅದಕ್ಕೆ ಉಪಾಯವಿದೆ: ಶೀರ್ಷಿಕೆ, ಅಂಕಣಗಳ ಹೆಸರು, ಗೆರೆಗಳನ್ನು ಮೊದಲೇ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ. ಗದಗ-ಬೆಟಗೇರಿಯಲ್ಲಿ ಮುದ್ರಣದವರಿಗೇನೂ ಬರವಿಲ್ಲ. ತಂತ್ರಾಂಶ ರೈತನ ಹೆಸರೊಂದನ್ನು ಮಾತ್ರ ಚಿತ್ರವಾಗಿ ಕಳಿಸಿ, ಉಳಿದ ಅಂಕಿಗಳನ್ನು ಪ್ರಿಂಟರಿನದೇ ಅಕ್ಷರಗಳಲ್ಲಿ ಹೊಡೆಯಲಿ. ಹೆಸರಿನ ಗಾತ್ರ ತೀರಾ ಚಿಕ್ಕದಾದರೆ ಒತ್ತುಗಳು ಕಲಸಿಹೋಗುತ್ತವೆ.

10. ಕಟ್ಟಿ ಕೊಡುವುದು

ಪೈಇನ್‌ಸ್ಟಾಲರ್‌ನಲ್ಲಿ ಪೈಥಾನ್ ಕೋಡು, ಅದಕ್ಕೆ ಬೇಕಾದದ್ದು ಎಲ್ಲವನ್ನೂ ಓಡಬಲ್ಲ ಒಂದೇ ಫೈಲಾಗಿ ಕಟ್ಟುವ ಆಯ್ಕೆ ಆಕರ್ಷಕ, ಆದರೆ ಅದು ಪ್ರತಿ ಸಲ ತೆರೆದಾಗಲೂ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ, ನಿಧಾನ, ಆಂಟಿವೈರಸ್ ಕೂಡ ಅನುಮಾನಿಸುತ್ತದೆ. ಫೋಲ್ಡರ್ ರೂಪದಲ್ಲಿ ಕಟ್ಟಿ, ಇನ್ನೋ ಸೆಟಪ್‌ನಿಂದ ಅನುಸ್ಥಾಪಕ ಮಾಡಿ. ಡೇಟಾಬೇಸನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ, ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಬರೆಯುವ ಹಕ್ಕಿರುವುದಿಲ್ಲ. ದೋಷಗಳೆಲ್ಲ ದಿನಾಂಕ ಸಹಿತ ಒಂದು ಲಾಗ್ ಫೈಲಿಗೆ ಹೋಗಲಿ. ಪರದೆಯಲ್ಲಿ ಕನ್ನಡದ ಒಂದು ಸಾಲು ಮತ್ತು ಒಂದು ದೋಷಸಂಖ್ಯೆ ಸಾಕು, ಗುಮಾಸ್ತ ಅದನ್ನು ಫೋನಿನಲ್ಲಿ ಓದಿ ಹೇಳಬಲ್ಲ.

ಕೆಲವು ಪೇಟೆಯ ದಿನ ಕಾಗದ ಮತ್ತು ಕಂಪ್ಯೂಟರ್ ಎರಡೂ ಜೊತೆಜೊತೆಯಾಗಿ ನಡೆಯಲಿ. ಸಂಜೆ ಕಿರ್ದಿಯ ಒಟ್ಟು ಮೊತ್ತವೂ ತಂತ್ರಾಂಶದ ಮೊತ್ತವೂ ಪೈಸೆಗೆ ಪೈಸೆ ಹೊಂದಬೇಕು. ಹೊಂದದಿದ್ದರೆ ಯಾವುದು ಸರಿ ಎಂಬುದನ್ನು ಚೀಲದ ಮಟ್ಟದಲ್ಲಿ ಹುಡುಕಿ. ಕಿರ್ದಿಯೇ ತಪ್ಪಾಗಿರುವುದೂ ಉಂಟು.

ಹೊಸ ಆವೃತ್ತಿಯಲ್ಲಿ ಕೋಷ್ಟಕ ಬದಲಾದರೆ ಎಸ್‌ಕ್ಯೂಲೈಟ್‌ನ ಕೋಷ್ಟಕಗಳ ಆವೃತ್ತಿಯನ್ನು ಗುರುತಿಸಲು ಬಳಸುವ ಯೂಸರ್ ವರ್ಷನ್ ಸಂಖ್ಯೆಯನ್ನು ಏರಿಸಿ. ತಂತ್ರಾಂಶ ತೆರೆದಾಗ ಅದನ್ನು ನೋಡಿ, ಮೊದಲು ಬ್ಯಾಕಪ್ ತೆಗೆದು, ಆಮೇಲೆ ಬದಲಾವಣೆಗಳನ್ನು ಒಂದೇ ವಹಿವಾಟಿನಲ್ಲಿ ಮಾಡಲಿ. ಬ್ಯಾಡಗಿಯಲ್ಲಿ ಪೇಟೆಯ ದಿನಗಳು ಸೋಮವಾರ ಮತ್ತು ಗುರುವಾರ. ಭಾನುವಾರ ಅಥವಾ ಬುಧವಾರ ರಾತ್ರಿ ಹೊಸ ಆವೃತ್ತಿ ಹಾಕಬೇಡಿ, ಶುಕ್ರವಾರ ಹಾಕಿ. ಹಳೆಯ ಆವೃತ್ತಿಯ ಫೋಲ್ಡರನ್ನು ಮತ್ತು ಬದಲಾವಣೆಗೆ ಮುಂಚಿನ ಡೇಟಾಬೇಸಿನ ಪ್ರತಿಯನ್ನು ಒಟ್ಟಿಗೆ ಇಡಿ. ಹೊಸ ಕೋಷ್ಟಕಗಳಿರುವ ಫೈಲನ್ನು ಹಳೆಯ ಆವೃತ್ತಿ ತೆರೆಯಲು ಹೋದರೆ ಯೂಸರ್ ವರ್ಷನ್ ನೋಡಿ ಅದು ನಿರಾಕರಿಸುವಂತೆ ಮೊದಲ ಆವೃತ್ತಿಯಲ್ಲೇ ಬರೆದಿಡಿ.